ಬಕೆಟ್ಟಿನ ಗೆರೆ

ಪಾಂಡಪ್ಪ ಉಳಿಯ ತುದಿಯನ್ನು ಸಂದಿಗೆ ಕೊಟ್ಟು ಮೀಟಿದಾಗ ಮೊದಲ ಹಲಗೆ ಕಿರುಗುಡುತ್ತಾ ಎದ್ದಿತು. ಕೆಳಗಿನಿಂದ ಮುಗ್ಗಲು ವಾಸನೆ ಬಂತು. ಮಂಗಲಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಆದರೆ ಕಣ್ಣನ್ನು ಬಡಿಗನ ಕೈಮೇಲಿಂದ ತೆಗೆಯಲಿಲ್ಲ. ಒಳ್ಳೆಯ ಹಲಗೆಯನ್ನೂ ಕೆಟ್ಟಿದೆ ಎಂದು ಹೇಳಿ ಹೊತ್ತೊಯ್ದರೆ?

ತಾಂಡೂರಿನಲ್ಲಿ ಕಟ್ಟಿಗೆಯ ನೆಲ ಹಾಕಿಸಿಕೊಂಡವಳು ಅವಳೊಬ್ಬಳೇ ಇರಬೇಕು. ಸುತ್ತೆಲ್ಲ ಕಲ್ಲಿನ ಗಣಿ, ಮನೆಮನೆಗೂ ನುಣುಪಾದ ಪರ್ಶಿಕಲ್ಲಿನ ನೆಲ. ಕಂಗ್ಟಿಯ ತವರುಮನೆ ಕೆಡವಿದಾಗ ಅಣ್ಣಂದಿರು ಕೊಟ್ಟ ಸಾಗವಾನಿ ತೊಲೆಗಳನ್ನು ಸೀಳಿಸಿ ಇವಳು ಮೇಲಿನ ಕೋಣೆಗೆ ಹಾಸಿಸಿದ್ದಳು. ಎರಡು ವರ್ಷ ತುಂಬುವುದರೊಳಗೆ ಕಿಟಕಿಯ ಹತ್ತಿರ ಹಲಗೆಗಳು ಉಬ್ಬಿ ಅಂಚು ಎತ್ತಿದವು. ತವರಿನದು ಅಂತ ಉಳಿದದ್ದು ಅದಷ್ಟೇ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅನುಮಾನ ಹೋದದ್ದು ಹಣಮಮ್ಮನ ಮೇಲೆ. ಹನ್ನೊಂದು ವರ್ಷದಿಂದ ಮನೆಯ ಕಸ ಮುಸುರೆ ಅವಳದೇ. ಪರ್ಶಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ರೂಢಿಯಾದ ಕೈ. ಹಿಂಡಿದ ಬಟ್ಟೆಯಲ್ಲಿ ಒರೆಸು ಎಂದರೆ ಹೂಂ ಅನ್ನುತ್ತಾಳೆ, ಬೆನ್ನ ಹಿಂದೆ ಏನು ಮಾಡುತ್ತಾಳೋ ಯಾರು ಕಂಡರು. ಮಂಗಲಾ ಬಕೆಟ್ಟಿನೊಳಗೆ ಮೊಳೆಯಿಂದ ಗೆರೆ ಗೀರಿ, ಅಲ್ಲಿಯವರೆಗೆ ನೀರು ತುಂಬಿಟ್ಟು, ಹಣಮಮ್ಮ ನೆಲ ಒರೆಸಿ ಮುಗಿಸುವವರೆಗೆ ಕಾದಳು. ನೀರು ಗೆರೆಯಿಂದ ಬೆರಳಷ್ಟೂ ಇಳಿಯಲಿಲ್ಲ. ಸುರಿದು ಮತ್ತೆ ತುಂಬಿಸಿದ್ದಾಳೆ ಎಂದು ಅನುಮಾನ ಇನ್ನಷ್ಟು ಬಲಿಯಿತು. ಹೋದ ವಾರ ಮನೆಯವರೆಲ್ಲರ ಎದುರಿಗೇ "ನಾಳಿಂದ ಬರಬ್ಯಾಡ" ಅಂದುಬಿಟ್ಟಳು. ಅತ್ತೆ ತಾರಾಬಾಯಿ ಅಲ್ಲೇ ಬತ್ತಿ ಹೊಸೆಯುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ಅಕ್ಕೋರೆ, ಇದು ನೆಲ ಒರಸಿದ ನೀರಲ್ರಿ," ಪಾಂಡಪ್ಪ ಹಲಗೆ ಮಗುಚಿ ಹಿಡಿದ. "ಒಂದೇ ಜಾಗಾದಾಗ ನಿಂತು ಸಂದ್ಯಾಗ ಇಳದಾವ. ಇಲ್ಲಿ ನೋಡ್ರಿ."

ಹಲಗೆಯ ಅಂಚಿಗೆ ವಿಭೂತಿ ಹೆಪ್ಪುಗಟ್ಟಿ ಅಂಟಿತ್ತು. ಅದರ ಜೊತೆ ಕರ್ರಗಾದ ಎರಡು ಬಿಲ್ವಪತ್ರೆ.

"ಇಲ್ಲಿ ಯಾರು ಪೂಜಿ ಮಾಡ್ತಾರ್ರಿ?"

ಮಂಗಲಾ ಪತ್ರೆಗಳನ್ನು ಹಲಗೆಯಿಂದ ಬಿಡಿಸಿಕೊಂಡಳು. ಪ್ರತಿ ಸೋಮವಾರ ಬೆಳಿಗ್ಗೆ ಅವಳು ಗುಡಿಗೆ ಹೋದಾಗ, ಎಳೆಬಿಸಿಲು ಬೀಳುವ ಈ ಕಿಟಕಿಯ ಕೆಳಗೆ ಅತ್ತೆ ಲಿಂಗಪೂಜೆಗೆ ಕೂಡುತ್ತಿದ್ದರು. ಅವಳು ಮೆಟ್ಟಿಲಿಳಿದು ಪತ್ರೆಗಳನ್ನು ಅತ್ತೆಯ ಮುಂದೆ ಇಟ್ಟಳು.

ತಾರಾಬಾಯಿ ಅವುಗಳನ್ನು ಮುಟ್ಟಲಿಲ್ಲ. "ತೊಳೀಲಾರದ ನೆಲದ ಮ್ಯಾಲ ಲಿಂಗಯ್ಯನ ಪೂಜಿ ಹೆಂಗ ಮಾಡ್ಲೆವ್ವ? ಮಂದಿ ಓಡ್ಯಾಡೋ ಜಾಗ. ಎರಡು ಕೊಡ ಹಾಕಿ ತೊಳೀತಿದ್ದೆ, ಅಷ್ಟ."

"ಆಕಿನ್ನ ಬಿಡಿಸೋ ದಿವಸ ಯಾಕ ಸುಮ್ಮನ ಕುಂತಿದ್ರಿ ಅತ್ತಿ?"

"ನೀ ಭಾಳ ಸಿಟ್ಟಿನ್ಯಾಗಿದ್ದಿ," ಅಂದರು ತಾರಾಬಾಯಿ.

ಮಂಗಲಾ ಚಪ್ಪಲಿ ಮೆಟ್ಟಿ, ಕಲ್ಲಿನ ಪಾಲಿಶ್ ಫ್ಯಾಕ್ಟರಿಯ ಹಿಂದಿನ ಓಣಿಗೆ ನಡೆದಳು. ಹಣಮಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಏಳಲಿಲ್ಲ, ಮೊರ ಮಾತ್ರ ನಿಂತಿತು.

"ನಿನಗ ಗೊತ್ತಿತ್ತೇನು?"

"ಸೋಮವಾರ ನಾ ಬರೋದ್ರಾಗ ನೆಲ ತೊಯ್ದಿರ್ತಿತ್ತರಿ. ಒಣ ಬಟ್ಟಿಲೆ ಒರಸ್ತಿದ್ದೆ."

"ಮತ್ತ ಹೇಳಬೇಕಿಲ್ಲೇನು?"

ಹಣಮಮ್ಮ ಕಾಳಿನಿಂದ ಒಂದು ಕಲ್ಲು ಆರಿಸಿ ಆಚೆ ಎಸೆದಳು. "ಯಾರು ಮಾಡ್ಯಾರಂತ ನೀವು ಕೇಳಲಿಲ್ರಿ. ನೀನೇ ಮಾಡೀದಿ ಅಂದ್ರಿ."

"ತಪ್ಪಾತವ್ವ. ನಾಳಿಂದ ಬಾ," ಅಂದಳು ಮಂಗಲಾ. ಹಣಮಮ್ಮ ಹೂಂ ಅಂದಳು.

ಹಲಗೆಗಳು ಒಣಗಲು ಮೂರು ವಾರ ಹಿಡಿಯಿತು. ಪಾಂಡಪ್ಪ ಉಬ್ಬು ಹೆರೆದು, ಎರಡು ಹೊಸ ತುಂಡು ಕೂಡಿಸಿ, ಎಲ್ಲವನ್ನೂ ಮೊದಲಿನ ಹಾಗೆ ಜೋಡಿಸಿ ಹೋದ. ಅತ್ತೆ ಕೆಳಗಿನ ಪರ್ಶಿಯ ಮೇಲೆ ಪೂಜೆಗೆ ಕೂತರು.

ಹಲಗೆ ಜೋಡಿಸಿದ ಮರುದಿನ ಹಣಮಮ್ಮ ಬಕೆಟ್ಟು ಹಿಡಿದು ಮೇಲೆ ಬಂದಳು. ನೇರ ಕೋಣೆಯೊಳಗೆ ಹೋಗದೆ ಮಂಗಲಾಳ ಮುಂದೆ ನಿಂತು, ಬಟ್ಟೆಯನ್ನು ಅದ್ದಿ ಎತ್ತಿ ಎರಡೂ ಕೈಯಿಂದ ಹಿಂಡಿದಳು. ನೀರೆಲ್ಲ ಹೋಯಿತು. ಮತ್ತೆ ಹಿಂಡಿದಳು. ಕೊನೆಯ ಹನಿಯೂ ನಿಂತ ಮೇಲೆ ಬಟ್ಟೆಯನ್ನು ಮಂಗಲಾಳ ಕಣ್ಣೆದುರು ಹಿಡಿದು, ಅವಳು ನೋಡಿ ಹೂಂ ಅನ್ನುವವರೆಗೆ ಹೊಸ್ತಿಲಾಚೆಯೇ ನಿಂತಳು.

ಅದರ ಮರುದಿನವೂ ಹಾಗೆಯೇ ನಿಂತಳು.