ಹತ್ತನೆಯ ಚೀಟಿ

ಎದಿಲ್ಮಾ ತನ್ನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ ಎರಡನೆಯ ದಿನ, ದೋನ್ ರುಬಿಯೆಲ್ ಸ್ವತಃ ಬಂದು ಉಗುರು ತಿದ್ದಿಸಿಕೊಳ್ಳಲು ಅವಳೆದುರು ಕುಳಿತನು.

ಮೆಡೆಯಿನ್ ನಗರದ ಆ ಗುಡ್ಡದ ಬಡಾವಣೆಯಲ್ಲಿ ಗಂಡಸರು ಕಾಲಿಡದ ಜಾಗವೆಂದರೆ ಎದಿಲ್ಮಾಳ ತಾಯಿ ದೋನ್ಯಾ ಲಿಖಿಯಾ ಮನೆಯ ಮುಂದಿನ ಕೋಣೆಯಲ್ಲಿ ನಡೆಸುತ್ತಿದ್ದ ಈ ಸೌಂದರ್ಯದಂಗಡಿಯೊಂದೇ. ರುಬಿಯೆಲ್ ಹೊಸ್ತಿಲು ದಾಟಿದೊಡನೆ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವಳಿಗೆ ಒಲೆಯ ಮೇಲಿಟ್ಟ ಕಾಳು ನೆನಪಾಯಿತು. ಮತ್ತೊಬ್ಬಳಿಗೆ ಮಗುವನ್ನು ಶಾಲೆಯಿಂದ ಕರೆತರುವ ಹೊತ್ತಾಯಿತು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾರು ಯಾವ ಮನೆಗೆ ಬರಬೇಕು, ಯಾರು ಮನೆ ಬಿಟ್ಟು ರಾತ್ರೋರಾತ್ರಿ ಹೋಗಬೇಕು ಎಂಬುದನ್ನೆಲ್ಲ ನಿರ್ಧರಿಸುತ್ತಿದ್ದವನು ಅವನೇ. ಅವನ ಕೈಗಳು ಮಾತ್ರ ಮೃದುವಾಗಿದ್ದುವು. ಅವುಗಳನ್ನು ಬೆಚ್ಚಗಿನ ನೀರಿನಲ್ಲಿಟ್ಟು ಅವನು ಎದಿಲ್ಮಾಳ ಮುಖವನ್ನೇ ನೋಡಿದನು.

"ನಮ್ಮಮ್ಮ ಎರಡು ದಿನದಿಂದ ನಿದ್ದೆ ಮಾಡಿಲ್ಲ. ಮುಂದೇನಾಗತ್ತೆ ಅಂತ ನನ್ನೇ ಕೇಳ್ತಾಳೆ. ನಂಗೇನ್ ಗೊತ್ತು? ಬರೆಯೋಳು ನೀನು."

"ಅದೇನು ದೊಡ್ಡ ಕಥೆ ಅಲ್ಲ, ದೋನ್ ರುಬಿಯೆಲ್. ಲೈಬ್ರರಿಯಲ್ಲಿ ಕಲಿಸ್ತಾರಲ್ಲ, ಅದರ ಪಾಠ."

"ಗೊತ್ತು. ಅಮ್ಮ ಎಲ್ಲಾ ಹೇಳಿದ್ಲು. ಒಂದು ಅಕ್ಷರ ಬಿಡದ ಹಾಗೆ."

ಆ ಪಾಠದ ವಿಷಯವನ್ನು ಇಲ್ಲಿ ಹೇಳದೆ ಮುಂದುವರಿಯುವಂತಿಲ್ಲ. ಪ್ರತಿ ಶನಿವಾರ ಬೆಳಗ್ಗೆ ಬಡಾವಣೆಯ ಗ್ರಂಥಾಲಯದ ಮೇಲಂತಸ್ತಿನಲ್ಲಿ ಏಳು ಮಂದಿ ದೋನ್ ಎವೆಲಿಯೊ ಎಂಬ ವೃದ್ಧರ ಸುತ್ತ ಸೇರುತ್ತಿದ್ದರು. ಮೂವತ್ತು ವರ್ಷ ದಿನಕ್ಕೊಂದು ಕಂತಿನಂತೆ ಧಾರಾವಾಹಿಗಳನ್ನು ಬರೆದು ಬೆನ್ನು ಬಾಗಿಸಿಕೊಂಡ ಆ ಮನುಷ್ಯ, ಈಗಿನ ಕಾಲಕ್ಕೆ ಬೇಕಾದ ಸರಣಿಯನ್ನು, ಅಂದರೆ ನೋಡಲು ಕುಳಿತವನು ಬೆಳಗಾದರೂ ಮುಗಿಸದೆ ಏಳದಂಥದನ್ನು, ಕಟ್ಟುವುದು ಹೇಗೆಂದು ಕಲಿಸುತ್ತಿದ್ದರು. ಅವರ ಪದ್ಧತಿಗಳು ಮೂರೇ. ಕಂತಿನ ಕೊನೆಗೆ ನೋಡುಗನನ್ನು ಹಿಡಿದಿಡುವ ಕೊಕ್ಕೆಯೊಂದು ಬೇಕಲ್ಲವೆ? ಅದಕ್ಕೆ ಹತ್ತು ಚೀಟಿಗಳಲ್ಲಿ ಹತ್ತು ಬಗೆಯ ಕೊನೆಗಳನ್ನು ಬರೆಯಬೇಕು. ಮೊದಲ ಒಂಬತ್ತನ್ನು ಹೊಡೆದುಹಾಕಬೇಕು, ಏಕೆಂದರೆ ಅವು ದಾರಿಹೋಕನಿಗೂ ಹೊಳೆಯುತ್ತವೆ. ಎರಡನೆಯದು, ಕಾಗದಕ್ಕೆ ಇಳಿಸುವ ಮುನ್ನ ಕಥೆಯನ್ನು ನಾಲ್ಕು ಜನರ ಮುಂದೆ ಬಾಯಲ್ಲಿ ಹೇಳಿ, ನಡುವೆ ತಟ್ಟನೆ ನಿಲ್ಲಿಸಬೇಕು. "ಆಮೇಲೆ ಅಂತ ಯಾರೂ ಕೇಳ್ಲಿಲ್ವಾ? ಹರಿದುಹಾಕಿ ಮನೆಗೆ ಹೋಗಿ ಪಾತ್ರೆ ತೊಳೀರಿ," ಎನ್ನುತ್ತಿದ್ದರು. ಮೂರನೆಯದನ್ನು ಅವರು ನಗುತ್ತಲೇ ಹೇಳುತ್ತಿದ್ದರು: "ಕದಿಯೋದಾದ್ರೆ ಸ್ವಂತ ಮನೆಯಿಂದ ಕದೀರಿ. ಅಮ್ಮ ಹೆಂಗೆ ಕೆಮ್ತಾಳೆ, ಅಪ್ಪ ಯಾಕೆ ಬಾಗಿಲಿಗೆ ಬೆನ್ನು ಮಾಡಿ ಕೂರಲ್ಲ. ಅದನ್ನ ನೋಡಿ ಬರೀರಿ. ಮನೆಯವರು ಕೇಸು ಹಾಕಲ್ಲ."

ಎದಿಲ್ಮಾ ಮೂರನ್ನೂ ಶ್ರದ್ಧೆಯಿಂದ ಪಾಲಿಸಿದ್ದಳು. ಅವಳ ಕಥೆಯಲ್ಲೊಬ್ಬ ತರುಣ ಕಾಣೆಯಾಗಿದ್ದನು. ಮಂಗಳವಾರ ತನ್ನ ಗಿರಾಕಿಗಳ ಮುಂದೆ ಅವಳು ಆ ತರುಣನ ತಾಯಿಯನ್ನು ಊರೆಲ್ಲ ಅಲೆಸಿ, ಕೊನೆಗೆ ಹೊಸದಾಗಿ ಕಾಂಕ್ರೀಟು ಹಾಕಿದ ಚೆಂಡಾಟದ ಅಂಗಳದ ನಡುವೆ ತಂದು ನಿಲ್ಲಿಸಿ, ಅವಳ ಕಾಲ ಕೆಳಗೇ ಮಗನಿರುವನೆಂಬುದನ್ನು ಕೇಳುಗರಿಗಷ್ಟೇ ತಿಳಿಸಿ, ಅಲ್ಲಿಗೆ ಬಾಯಿ ಮುಚ್ಚಿದ್ದಳು. ರುಬಿಯೆಲ್‌ನ ತಾಯಿ ದೋನ್ಯಾ ಫಬಿಯೋಲಾ, ಬಣ್ಣ ಒಣಗದ ಬೆರಳುಗಳನ್ನು ಎದೆಗೊತ್ತಿಕೊಂಡು, "ಆಮೇಲೆ? ಅಯ್ಯೋ, ಹೇಳೇ ಕಳ್ಳಿ, ಆಮೇಲೆ?" ಎಂದು ಗೋಗರೆದಿದ್ದಳು. ಹಿಗ್ಗಿನಿಂದ ಎದಿಲ್ಮಾಳ ಕಾಲು ಅಂದು ನೆಲಕ್ಕೆ ತಾಗಿರಲಿಲ್ಲ.

ಬಡಾವಣೆಯಲ್ಲಿ ನಿಜವಾಗಿಯೂ ಒಬ್ಬ ತರುಣ ಕಾಣೆಯಾಗಿದ್ದನು. ನಾಲ್ಕು ತಿಂಗಳಿಂದ ಅವನ ತಾಯಿ ರೋಸ್ಮಿರಾ ಮಗನ ಚಿತ್ರ ಹಿಡಿದು ಬೀದಿ ಬೀದಿ ತಿರುಗುತ್ತಿದ್ದಳು. ಅಂಥ ತಾಯಂದಿರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅದು ಯಾರದೂ ಸ್ವಂತ ಕಥೆಯಲ್ಲ ಎಂದು ಎದಿಲ್ಮಾ ಭಾವಿಸಿದ್ದಳು.

"ಯಾರು ಹೇಳಿದ್ರು ನಿಂಗೆ?" ರುಬಿಯೆಲ್ ಕೇಳಿದನು.

"ಏನನ್ನ?"

"ಸಿಮೆಂಟಿನ ವಿಷಯ."

ಅವನ ಹೆಬ್ಬೆರಳು ಅವಳ ಅಂಗೈಯಲ್ಲಿತ್ತು. ಆ ಎರಡು ಶಬ್ದಗಳಿಂದ ಎದಿಲ್ಮಾಗೆ ಎಲ್ಲವೂ ತಿಳಿಯಿತು. ತಿಳಿಯಿತೆಂಬುದು ಮುಖದಲ್ಲಿ ಕಾಣದಂತೆ ಮಾಡುವುದೊಂದೇ ಈಗ ಉಳಿದ ಕೆಲಸವೆಂಬುದೂ ತಿಳಿಯಿತು. ಅವಳು ತಲೆ ತಗ್ಗಿಸಿ ಉಗುರಿನಂಚನ್ನು ಉಜ್ಜತೊಡಗಿದಳು.

"ಯಾರೂ ಹೇಳ್ಲಿಲ್ಲ. ನಾನೇ ಕಟ್ಟಿದ್ದು."

"ಆ ಅಂಗಳಕ್ಕೆ ಕಾಂಕ್ರೀಟು ಹಾಕಿದೋರು ನಾಲ್ಕು ಜನ. ಅದ್ರಲ್ಲಿ ಒಬ್ಬ ನಿಮ್ಮನೇಲಿ ಊಟ ಮಾಡ್ತಾನೆ."

ಅವನು ಹೇಳಿದ್ದು ಎದಿಲ್ಮಾಳ ತಮ್ಮ, ಗಾರೆ ಕೆಲಸದ ಎಲ್ಕಿನ್ ವಿಷಯ. ಒಳಗಿನ ಕೋಣೆಯಲ್ಲಿ ಪಾತ್ರೆಯೊಂದು ಸದ್ದಾಗಿ ನಿಂತಿತು. ದೋನ್ಯಾ ಲಿಖಿಯಾ ಪರದೆಯ ಹಿಂದೆ ಕೇಳುತ್ತಿದ್ದಳು.

"ಎಲ್ಕಿನ್ ನನ್ನ ಹತ್ರ ಮಾತೇ ಆಡಲ್ಲ ದೋನ್ ರುಬಿಯೆಲ್. ನೋಡಿ, ಬೇಕಾದ್ರೆ ಚೀಟಿಗಳಿವೆ!" ಎಂದು ಎದಿಲ್ಮಾ ಖಾನೆಯನ್ನೆಳೆದು, ಹತ್ತು ಚೀಟಿಗಳನ್ನೂ ಅವನ ಮುಂದೆ ಹರಡಿದಳು. ಕಟ್ಟುಕಥೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಒಂಬತ್ತು ಕಡೆ ಹುಡುಕಿ ಹತ್ತನೆಯ ಕಡೆ ಕಂಡದ್ದು ಕಲ್ಪನೆಯಲ್ಲದೆ ಮತ್ತೇನು?

ರುಬಿಯೆಲ್ ಒದ್ದೆ ಬೆರಳಿನಿಂದ ಒಂದೊಂದನ್ನೇ ತಿರುವಿದನು.

"ನೀರಿನ ತೊಟ್ಟಿ. ಬೇಕರಿ ಒಲೆ. ಪಾದ್ರಿ ಮಂಚದ ಕೆಳಗೆ!" ಅವನು ಮನಸಾರೆ ನಕ್ಕನು. "ಇದನ್ನ ಯಾಕೆ ಬಿಟ್ಟೆ ಮಾರಾಯ್ತಿ? ಚೆನ್ನಾಗಿತ್ತಲ್ಲ."

"ಮೇಷ್ಟ್ರು ಬೇಡ ಅಂದ್ರು."

"ಮೇಷ್ಟ್ರಿಗೆ ಬುದ್ಧಿ ಇಲ್ಲ." ಅವನು ಒಂಬತ್ತನ್ನೂ ಒಟ್ಟಿಗೆ ಸೇರಿಸಿ, ಅಂಚು ಸರಿಮಾಡಿ, ಪಕ್ಕಕ್ಕಿಟ್ಟನು. ನಗೆ ಆಗಲೇ ಮುಗಿದಿತ್ತು. "ಒಂಬತ್ತೂ ಪೆದ್ದುಪೆದ್ದಾಗಿವೆ. ಹತ್ತನೇದು ಮಾತ್ರ ಹೆಂಗೆ ಹೊಳೀತು?"

ಆ ಕ್ಷಣದಲ್ಲೇ ಉತ್ತರವು ಎದಿಲ್ಮಾಳೊಳಗೆ ತಣ್ಣಗೆ ಎದ್ದು ನಿಂತಿತು. ನಾಲ್ಕು ತಿಂಗಳಿಂದ ಎಲ್ಕಿನ್ ಆ ಅಂಗಳವನ್ನು ದಾಟುತ್ತಿರಲಿಲ್ಲ. ಬಸ್ಸಿಗೆ ಎರಡು ನಿಮಿಷದ ದಾರಿಯನ್ನು ಬಿಟ್ಟು, ನೂರಿಪ್ಪತ್ತು ಮೆಟ್ಟಿಲು ಸುತ್ತಿ ಹೋಗುತ್ತಿದ್ದನು. ಅವಳು ಅದನ್ನು ಅಡುಗೆಮನೆಯ ಕಿಟಕಿಯಿಂದ ಕಂಡಿದ್ದಳು. ಒಳ್ಳೆಯ ವಿವರವೆಂದು ಮೆಚ್ಚಿ ಕಥೆಯಲ್ಲಿ ಒಬ್ಬ ಕೂಲಿಗೆ ತೊಡಿಸಿದ್ದಳು. ಆ ವಿವರದ ಬೆನ್ನು ಹಿಡಿದೇ ಹತ್ತನೆಯ ಚೀಟಿ ಬಂದಿತ್ತು. ತಮ್ಮನು ಬಾಯಿ ಬಿಡದೆ ಕಾಪಾಡಿಕೊಂಡಿದ್ದ ಪ್ರಾಣವನ್ನು ಅವಳು ಅವನ ಕಾಲ ನಡೆಯಿಂದ ಕದ್ದು, ಮಂಗಳವಾರದ ಗಿರಾಕಿಗಳಿಗೆ ಹಂಚಿದ್ದಳು.

"ಸುಮ್ಮನೆ ಹೊಳೀತು," ಎಂದಳು.

"ಸರಿ." ರುಬಿಯೆಲ್ ಕೈ ಒರೆಸಿಕೊಂಡು ಎದ್ದನು. "ಮಂಗಳವಾರ ಅಮ್ಮ ಬರ್ತಾಳೆ. ಜಾಗ ಬದಲಾಯಿಸಿ ಹೇಳು. ಅವಳು ನೆಮ್ಮದಿಯಾಗಿ ಮಲಗ್ಬೇಕು. ಅವತ್ತೇ ಸಂಜೆ ಎಲ್ಕಿನ್‌ನ ಮೇಲಕ್ಕೆ ಕಳಿಸು, ಎರಡು ಮಾತಾಡೋದಿದೆ. ಅಲ್ಲೀವರೆಗೆ ಮನೆ ಬಿಟ್ಟು ಎಲ್ಲೂ ಹೋಗೋದು ಬೇಡ ಅವನು."

ಮೇಲಕ್ಕೆಂದರೆ ನೀರಿನ ಟ್ಯಾಂಕಿನ ಪಕ್ಕದ ಮನೆ. ಅಲ್ಲಿಗೆ ಎರಡು ಮಾತಿಗೆಂದು ಹೋದವರಲ್ಲಿ ಕೆಲವರು ಮರಳಿರಲಿಲ್ಲ. ಅಂದಿನಿಂದ ಎದುರಿನ ಗೋಡೆಯ ಬಳಿ ಬೈಕು ನಿಲ್ಲಿಸಿಕೊಂಡು, ನಡುವಿನಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು, ಸೆಗುಂದೊ ಎಂಬವನು ಕಾವಲು ಕುಳಿತನು. ಅವನು ಕುಳಿತಲ್ಲಿಂದ ಮುಂಬಾಗಿಲೂ ಕಾಣುತ್ತಿತ್ತು, ಹಿತ್ತಿಲ ಮೆಟ್ಟಿಲೂ ಕಾಣುತ್ತಿತ್ತು. ಎವೆಲಿಯೊರವರ ಶನಿವಾರದ ತರಗತಿಗೆ ಎದಿಲ್ಮಾ ಹೋಗಲಿಲ್ಲ.

ರುಬಿಯೆಲ್ ಬಂದುಹೋದ ದಿನವೇ ಸಂಜೆ ಅವಳು ಎಲ್ಕಿನ್ ಮುಂದೆ ಬೆಲ್ಲದ ನೀರಿನ ಲೋಟವಿಟ್ಟು ಕುಳಿತಳು. ಅವನು ಲೋಟವನ್ನು ಮುಟ್ಟಲಿಲ್ಲ.

"ನಾನೇನೂ ನೋಡ್ಲಿಲ್ಲ ಅಕ್ಕ. ಬೆಳಗ್ಗೆ ಹೋದಾಗ ನಾವು ಹರಡಿದ ಜಲ್ಲಿ ಬೇರೆ ಥರ ಇತ್ತು. ಒಂದು ಮೂಲೆ ನುಣ್ಣಗೆ ಮಾಡಿದ್ರು. ಮೇಸ್ತ್ರಿ ನಮ್ಮ ಮುಖ ನೋಡಿದ, ನಾವು ಅವನ ಮುಖ ನೋಡಿದ್ವಿ. ಸುರೀರಿ ಅಂದ. ಸುರಿದ್ವಿ."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ನಿಂಗೆ ಹೇಳೋದೂ ಒಂದೇ, ಮೈಕಿನಲ್ಲಿ ಕೂಗೋದೂ ಒಂದೇ." ಎಲ್ಕಿನ್ ನಗಲು ಯತ್ನಿಸಿದನು, ಆಗಲಿಲ್ಲ. "ಹೇಳ್ದೇನೇ ಹೇಳ್ಬಿಟ್ಯಲ್ಲ."

ಮಂಗಳವಾರ ಹತ್ತು ಗಂಟೆಗೆ ದೋನ್ಯಾ ಫಬಿಯೋಲಾ ಊರುಗೋಲು ಕುಟ್ಟುತ್ತ ಬಂದಳು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ; ಬೈಕನ್ನು ಕಂಡವರು ಅತ್ತ ಸುಳಿದಿರಲಿಲ್ಲ. ಎದಿಲ್ಮಾ ವೃದ್ಧೆಯ ಎಡಗೈಯನ್ನು ಹಿಡಿದು, ಹಳೆಯ ಬಣ್ಣವನ್ನೊರೆಸುತ್ತ, ನಾಲ್ಕು ದಿನ ಬಾಯಿಪಾಠ ಮಾಡಿದ ಹೊಸ ಕಂತನ್ನು ಒಪ್ಪಿಸಿದಳು. ಅಂಗಳದ ಕೆಳಗೆ ಏನೂ ಇರಲಿಲ್ಲ. ತಾಯಿಗೆ ಬರಿ ಭ್ರಮೆ. ತರುಣನು ಕಡಲ ದಂಡೆಯ ಊರೊಂದಕ್ಕೆ ಓಡಿಹೋಗಿ ಹೆಣ್ಣೊಬ್ಬಳ ಸಂಗಡ ಸುಖವಾಗಿದ್ದನು.

ಫಬಿಯೋಲಾ ಪೂರ್ತಿ ಕೇಳಿಸಿಕೊಂಡಳು. "ಆಮೇಲೆ" ಎನ್ನಲಿಲ್ಲ.

"ಹೋದ ವಾರ ಹೇಳಿದ್ದು ನಿನ್ನ ಕಥೆ," ಎಂದಳು ನಿಧಾನವಾಗಿ. "ಇದು ಬೇರೆ ಯಾರದೋ."

"ಬದಲಾಯಿಸ್ದೆ ಅಮ್ಮಾ. ಇದು ಚೆನ್ನಾಗಿದೆ ಅನ್ನಿಸ್ತು."

"ನಲವತ್ತು ವರ್ಷ ಧಾರಾವಾಹಿ ನೋಡಿದ ಕಣ್ಣು ಕಣೇ ಇದು. ಹೆದರಿಕೊಂಡು ಬರೆದದ್ದು ನಂಗೆ ಗೊತ್ತಾಗಲ್ವಾ?" ಅವಳು ಎದಿಲ್ಮಾಳ ಮುಖವನ್ನು ನೋಡಿದಳು, ಬಾಗಿಲಾಚೆಯ ಬೈಕನ್ನು ನೋಡಿದಳು, ಆಮೇಲೆ ಕೂದಲು ಒಣಗಿಸುವ ಯಂತ್ರದತ್ತ ಗಲ್ಲವೆತ್ತಿ, "ಅದನ್ನ ಹಾಕು, ಜೋರಾಗಿ," ಎಂದಳು.

ಯಂತ್ರದ ಮೊರೆತದ ಮರೆಯಲ್ಲಿ ಅವಳ ದನಿ ಬದಲಾಯಿತು.

"ನಿನ್ನ ಕಥೇನ ಊಟಕ್ಕೆ ಕೂತಾಗ ರುಬಿಯೆಲ್‌ಗೆ ಹೇಳ್ದೆ. ಸೂಪು ಕುಡೀತಿದ್ದೋನು ಚಮಚ ಕೆಳಗಿಟ್ಟ. ಹೆತ್ತೋಳು ನಾನು. ಆಗ್ಲೇ ಗೊತ್ತಾಗ್ಬೇಕಿತ್ತು." ಅವಳ ಬಾಯಿ ಒಂದು ಕ್ಷಣ ಓರೆಯಾಯಿತು, ಆದರೆ ಅವಳು ಅಳಲಿಲ್ಲ. "ನಿಮ್ಮ ಹುಡುಗನ್ನ ಯಾವಾಗ ಕರೆದಿದಾನೆ?"

"ಇವತ್ತು ಸಂಜೆ."

"ಒಳಗಿದಾನಾ ಈಗ?"

ಎದಿಲ್ಮಾ ಕಣ್ಣಿನಿಂದಲೇ ಹೌದೆಂದಳು. ಪರದೆ ಅಲುಗಿತು. ಫಬಿಯೋಲಾ ಪರದೆಗೇ ಹೇಳಿದಳು: "ಲಿಖಿಯಾ, ಹಿತ್ತಿಲಿಂದ ಇಳಿದು, ಹಗ್ಗಕ್ಕೆ ತೂಗಿ ಗುಡ್ಡ ಇಳಿಯತ್ತಲ್ಲ, ಆ ಬಂಡಿಗೆ ಹುಡುಗನ್ನ ಹತ್ಸು. ಕೆಳಗೆ ಮೆಟ್ರೋ, ಅಲ್ಲಿಂದ ಬಸ್ಸು. ಯಾವ ಊರು ಅಂತ ನಂಗೆ ಹೇಳ್ಬೇಡ. ಕೇಳಿದ್ರೆ ಮಗನ ಹತ್ರ ಸುಳ್ಳು ಹೇಳೋಕೆ ನಂಗೆ ಬರಲ್ಲ. ರೋಸ್ಮಿರಾಗೆ ನಾನೇ ಹೋಗಿ ಹೇಳ್ತೀನಿ. ಅದೊಂದು ನನ್ನ ಪಾಲಿಗಿರಲಿ." ಬಳಿಕ ಯಂತ್ರವನ್ನು ತಾನೇ ಆರಿಸಿ, ಬೀದಿಯೆಲ್ಲ ಕೇಳುವಂತೆ ಕೂಗಿದಳು: "ಏ ಸೆಗುಂದೊ! ಬಿಸಿಲಲ್ಲಿ ಕಪ್ಪಾಗೋಕೆ ಕೂತಿದೀಯಾ? ಮೊದ್ಲೇ ಇದ್ದಿಲಿನ ಹಾಗಿದೀಯ. ಒಳಗ್ ಬಾ."

"ಇರ್ಲಿ ಅಮ್ಮಾ. ಇಲ್ಲೇ ಇರು ಅಂದಿದಾರೆ."

"ಅಂದೋನನ್ನ ಹೆತ್ತಿದ್ದು ನಾನು. ಬಾ ಅಂದ್ರೆ ಬಾ. ಕಥೆ ಹೇಳ್ತಿದಾಳೆ, ಕೇಳು."

ಸೆಗುಂದೊ ಹೊಸ್ತಿಲಲ್ಲಿ ಸಂಕೋಚದಿಂದ ನಿಂತು, ಕನ್ನಡಿಗಳಲ್ಲಿ ತನ್ನನ್ನು ನಾಲ್ಕು ಕಡೆ ಕಂಡು, ಕೊನೆಗೆ ಹಿತ್ತಿಲ ಕಿಟಕಿಗೆ ಬೆನ್ನಾಗಿದ್ದ ಕುರ್ಚಿಯ ತುದಿಯಲ್ಲಿ ಕುಳಿತನು. ಅವನ ಸೊಂಟದ ಕಬ್ಬಿಣವು ಕುರ್ಚಿಗೆ ತಗುಲಿ ಟಕ್ಕೆಂದಿತು. ಎದಿಲ್ಮಾ ಬಣ್ಣದ ಸೀಸೆಯ ಮುಚ್ಚಳ ತಿರುವಿದಳು. ಬಾಯಿಪಾಠ ಮಾಡಿದ ಕಂತು ಮುಗಿದುಹೋಗಿತ್ತು. ಮುಂದಕ್ಕೆ ಚೀಟಿಯೂ ಇರಲಿಲ್ಲ, ಯೋಚನೆಯೂ ಇರಲಿಲ್ಲ.

"ಒಬ್ಬ ಇದ್ದ," ಎಂದಳು. "ಬೈಕಿನವನು. ಅವನಿಗೊಂದು ದಿನ ಬಾಗಿಲಿಗೆ ಯಾರೋ ಒಂದು ಪೆಟ್ಟಿಗೆ ಇಟ್ಟುಹೋದ್ರು. ಮೇಲೆ ಅವನ ಹೆಸರು. ಕೈಬರಹ ಅವನ ತಾಯೀದು. ತಾಯಿ ಸತ್ತು ಎಂಟು ವರ್ಷ ಆಗಿತ್ತು."

ಸೆಗುಂದೊ ಫೋನನ್ನು ಜೇಬಿನಿಂದ ತೆಗೆದವನು ಅದನ್ನು ನೋಡಲಿಲ್ಲ.

"ಪೆಟ್ಟಿಗೇಲಿ ಏನಿತ್ತು?"

"ತೆಗೀಬೇಕು ಅಂತ ಕೈ ಹಾಕ್ದ. ಒಳಗಿಂದ ಯಾರೋ ಮೆಲ್ಲಗೆ ತಟ್ಟಿದ ಹಾಗಾಯ್ತು."

ಅವನ ಭುಜದ ಹಿಂದೆ, ಕಿಟಕಿಯಲ್ಲಿ, ಲಿಖಿಯಾಳ ನೀಲಿ ಶಾಲು ಮೊದಲ ಮೆಟ್ಟಿಲಿಳಿಯಿತು. ಅದರ ಹಿಂದೆ ಎಲ್ಕಿನ್‌ನ ತಲೆ. ಎದಿಲ್ಮಾ ಆ ಕಡೆ ದೃಷ್ಟಿ ಹರಿಸದೆ, ಸೆಗುಂದೊನ ಎರಡು ಕಣ್ಣುಗಳನ್ನೇ ತನ್ನ ಕಣ್ಣುಗಳಿಂದ ಹಿಡಿದಿಟ್ಟುಕೊಂಡಳು. ಪೆಟ್ಟಿಗೆಯಿಂದ ಒಂದು ಬೀಗದ ಕೈ ಬಂತು. ಬೀಗದ ಕೈಯಿಂದ ಒಂದು ಮನೆ ಬಂತು. ಆ ಮನೆಯಲ್ಲಿ ಅವನ ಬಾಲ್ಯದ ಹಾಸಿಗೆ ಹಾಸಿತ್ತು, ಹಾಸಿಗೆ ಬೆಚ್ಚಗಿತ್ತು. ಫಬಿಯೋಲಾ ಬಲಗೈಯನ್ನು ಮುಂದಿಟ್ಟಳು. ಎದಿಲ್ಮಾ ಒಂದು ಉಗುರಿಗೆ ಬಣ್ಣವಿಟ್ಟು, ಚರ್ಮಕ್ಕೆಲ್ಲ ಬಳಿದು, ಒರೆಸಿ, ಮತ್ತೆ ಇಟ್ಟಳು. ನೂರಿಪ್ಪತ್ತು ಮೆಟ್ಟಿಲಿಗೆ ಎಷ್ಟು ಹೊತ್ತು? ನಿಲ್ದಾಣದಲ್ಲಿ ಸರದಿ ಉದ್ದವಿದ್ದರೆ ಎಷ್ಟು ಹೊತ್ತು? ಹೊರಗೆ ಯಾವುದೋ ಬೈಕು ಕೆಮ್ಮಿದಾಗ ಸೆಗುಂದೊ ಎದ್ದು ನಿಂತನು.

"ಕೂತ್ಕೊಳೋ," ಎಂದಳು ಫಬಿಯೋಲಾ. "ಹಾಸಿಗೇಲಿ ಯಾರೋ ಇದಾರೆ ಈಗ."

"ಯಾರು?" ಎಂದು ಅವನು ಎದಿಲ್ಮಾಳನ್ನೇ ಕೇಳಿದನು, ಕೇಳುತ್ತ, ತನಗರಿವಿಲ್ಲದೆ, ಈ ಸಲ ಕುರ್ಚಿಯ ತುದಿ ಬಿಟ್ಟು ಹಿಂದಕ್ಕೊರಗಿ ಕುಳಿತನು.

ಮುಕ್ಕಾಲು ಗಂಟೆ ಕಳೆದ ಮೇಲೆ ದೋನ್ಯಾ ಲಿಖಿಯಾ ಮುಂಬಾಗಿಲಿನಿಂದ ಒಳಬಂದಳು. ಅವಳ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣವಿತ್ತು, ಹಣೆಯಲ್ಲಿ ಬೆವರಿತ್ತು. "ಯಾರಿಗೆ ಕಾಫಿ?" ಎಂದು ಕೇಳಿದಳು. ಎದಿಲ್ಮಾ ತಾಯಿಯ ಮುಖವನ್ನು ಓದಿದಳು: ಹುಡುಗನು ಹೋಗಿದ್ದನು. ಸಂಜೆಯಾಗಲಿಕ್ಕಿತ್ತು, ಮೇಲಿನ ಮನೆಯವರು ಕೆಳಗೆ ಬಂದು ಎಲ್ಕಿನ್ ಎಲ್ಲೆಂದು ಕೇಳಲಿಕ್ಕಿತ್ತು, ಆಗ ಇಲ್ಲಿರುವವರು ತಾಯಿ ಮಗಳು ಇಬ್ಬರೇ. ಅಷ್ಟರೊಳಗೆ ಬಸ್ಸು ಎಷ್ಟು ದೂರ ಹೋದರೆ ಅಷ್ಟೇ ಲಾಭ.

"ನಿಲ್ಲಿಸ್ಬೇಡ ಅಕ್ಕ," ಎಂದನು ಸೆಗುಂದೊ, ಕಾಫಿಯ ಬಟ್ಟಲನ್ನು ಕೈಯಲ್ಲೇ ಮರೆತು.

ಎದಿಲ್ಮಾ ನಿಲ್ಲಿಸಲಿಲ್ಲ.