ಎಲ್ಮರನ ಒರೆಗಲ್ಲು

ಶಿಕಾಗೋದ ಹೊರವಲಯದ ಸಭಾಂಗಣದಲ್ಲಿ ಪ್ರತಿ ಮೇ ತಿಂಗಳು ಹಳೇ ಡ್ರಮ್ಮುಗಳ ಸಂತೆ ನಡೆಯುತ್ತದೆ. ಇಡೀ ದಿನ ಡಬಡಬ ಸದ್ದು, ಹುರಿದ ಸಾಸೇಜಿನ ವಾಸನೆ, ಒಂದು ಸ್ಕ್ರೂ ಅಸಲಿಯೋ ನಕಲಿಯೋ ಅಂತ ಕಿತ್ತಾಡುವ ಬೊಕ್ಕತಲೆಗಳು. ಜಗಳ ಬಗೆಹರಿಯದಿದ್ದರೆ ಎಲ್ಲರೂ ಹೋಗುವುದು ಎಲ್ಮರ್ ಗ್ರಬೋಸ್ಕಿಯ ಮೇಜಿಗೆ. ಅವನು ಹೇಳಿದ ಮೇಲೆ ಮುಗಿಯಿತು, ಮೇಲ್ಮನವಿ ಗಿಲ್ಮನವಿ ಏನೂ ಇಲ್ಲ.

ಈ ದೊಡ್ಡಸ್ತಿಕೆಗೆಲ್ಲ ಮೂಲ ಅವನ ಬೆನ್ನ ಹಿಂದೆ ದೀಪದಡಿ ಇಟ್ಟಿದ್ದ ಹಾರ್ಲನ್ ಕಂಪನಿಯ ಡ್ರಮ್ ಸೆಟ್ಟು. 1938ರದ್ದು, ಮರದ ಮೈಸುತ್ತ ಕರಿಮುತ್ತಿನ ಹೊಳಪಿನ ತೆಳು ಹಾಳೆಯ ಹೊದಿಕೆ. ಕಂಪನಿ ಎಂದೋ ಮುಚ್ಚಿ, ಅದರ ಕಾಗದಪತ್ರವೆಲ್ಲ ಬೂದಿಯಾಗಿತ್ತು. ಹಾಗಾಗಿ ಎಲ್ಮರ್ ತನ್ನ ಸೆಟ್ಟನ್ನೇ ನೋಡಿ ನೋಡಿ ಒಂದು ನಿಯಮ ಕಟ್ಟಿದ್ದ. ಹೊದಿಕೆಯ ಒಂದು ತುದಿ ಇನ್ನೊಂದರ ಮೇಲೆ ಬೆರಳಗಲ ಹತ್ತಿ ಕೂತಿದ್ದರೆ ಅದು ಅಸಲಿ ಹಾರ್ಲನ್, ಇಲ್ಲದಿದ್ದರೆ ಅಲ್ಲ. ಮೂವತ್ತು ವರ್ಷ ಅದೇ ನಿಯಮ ಹಿಡಿದು ಎಷ್ಟೋ ಜನರ ಮುಖ ಅರಳಿಸಿದ್ದ, ಎಷ್ಟೋ ಜನರನ್ನು ಕಣ್ಣೊರೆಸಿಕೊಂಡು ಹೋಗುವ ಹಾಗೆ ಮಾಡಿದ್ದ.

ಅವತ್ತು ಮಧ್ಯಾಹ್ನ ವರ್ಲೀನ್ ಪೆಟಿಗ್ರೂ ಬಂದಳು. ಐವತ್ತು ದಾಟಿದ ಹೆಂಗಸು, ಭಾನುವಾರ ಚರ್ಚಿನಲ್ಲಿ ಡ್ರಮ್ ನುಡಿಸುವವಳು. ತಳ್ಳುಗಾಡಿಯಲ್ಲಿ ಅಂಥದ್ದೇ ಕರಿಮುತ್ತಿನ ಸೆಟ್ಟು.

"ನಮ್ಮ ತಾತಂದು ಸರ್, ಹೊಸದೇ ತಗೊಂಡಿದ್ರಂತೆ. ಇದಕ್ಕೊಂದು ತೂತು ಕೊರೆದ್ರೆ ಗೋರಿಯಿಂದ ಎದ್ದು ಬರ್ತೀನಿ ಅಂದಿದ್ರು. ಆದ್ರೆ ಸಣ್ಣ ಡ್ರಮ್ಮು ಸ್ಟ್ಯಾಂಡ್ ಮೇಲೆ ನಿಲ್ಲಲ್ಲ, ಪಾದ್ರಿಗಳ ಕಾಲ್ಮೇಲೆ ಬಿದ್ದುಬಿಡ್ತು. ದೊಡ್ಡದರ ನೆತ್ತಿ ಕೊರೆದು, ಅಲ್ಲೇ ಕಂಬ ಹಾಕ್ಸಿ ಸಣ್ಣದನ್ನ ಕೂರಿಸ್ಬೇಕು. ನೀವು ಅಸಲಿ ಅಂದ್ರೆ ಮುಟ್ಟಲ್ಲ. ಅಲ್ಲ ಅಂದ್ರೆ ಇವತ್ತೇ ಕೊರೆಸ್ತೀನಿ."

ಪಕ್ಕದ ಮೇಜಿನಲ್ಲಿ ರಿಪೇರಿಯ ಡ್ವೈಟ್ ಸೋರೆನ್ಸನ್ ಕಿವಿ ನೆಟ್ಟಗೆ ಮಾಡಿದ. "ಜಡ್ಜ್ ಸಾಹೇಬ್ರೇ, ಬೇಗ ತೀರ್ಪು ಕೊಡಿ. ನನ್ನ ಡ್ರಿಲ್ಲು ಬೆಳಿಗ್ಗೆಯಿಂದ ಉಪವಾಸ."

ಜನ ನಕ್ಕರು, ಆದರೂ ಒಳಗೊಳಗೇ ಬೆಚ್ಚಿದರು. ಹಳೇ ಡ್ರಮ್ಮಿಗೆ ಹೊಸ ತೂತು ಅಂದರೆ ಆ ಮಂದಿಗೆ ಕಂದನ ಕಿವಿ ಕೊಯ್ದ ಹಾಗೆ. ಬೆಲೆ ಅರ್ಧಕ್ಕೆ ಬೀಳುವುದು ಹಾಗಿರಲಿ, ಕೊರೆದದ್ದನ್ನು ಮತ್ತೆ ಯಾರೂ ಮುಚ್ಚಲಾರರು.

ಎಲ್ಮರ್ ದೊಡ್ಡ ಡ್ರಮ್ಮಿನ ಹೊದಿಕೆಯ ಅಂಚಿನ ಮೇಲೆ ಬೆರಳಾಡಿಸಿದ. ಬೆರಳು ಎಲ್ಲೂ ತಡೆಯಲಿಲ್ಲ. ಹೊದಿಕೆಯ ಎರಡೂ ತುದಿ ಮರದ ಕೂಡಿಕೆಯೊಳಕ್ಕೇ ಹೊಕ್ಕು ಮಾಯವಾಗಿದ್ದವು.

"ಹೋಯ್ತು," ಅಂದ ಹಿಂದಿನಿಂದ ಮಾರಿಸ್ ಫೆಲ್ಡ್. ಎಲ್ಮರನ ಮಾತು ನಂಬಿ ಮನೆ ತುಂಬ ಹಾರ್ಲನ್ ಪೇರಿಸಿಕೊಂಡವನು. "ಇನ್ನು ನೋಡೋದೇನಿದೆ?"

ನೋಡುವುದು ಏನೂ ಇರಲಿಲ್ಲ, ಆದರೂ ಎಲ್ಮರ್ ಅಭ್ಯಾಸಬಲದಿಂದ ಚರ್ಮ ಬಿಚ್ಚಿ ಒಳಗೆ ಟಾರ್ಚು ಬಿಟ್ಟ. ತನ್ನ ಸೆಟ್ಟಿನಲ್ಲಿರುವಂಥದ್ದೇ ಹಾರ್ಲನ್ ಹೆಸರಿನ, ಕೆಂಪು ಶಾಯಿಯ ತಾರೀಖಿನ ಮೊಹರಿತ್ತು. ಅದರ ಅರ್ಧ, ಬಿಗಿಗೆಂದು ಅಂಟಿಸಿದ್ದ ಮರದ ಒಳಬಳೆಯ ಕೆಳಗೆ ಹೋಗಿತ್ತು. ಅಂದರೆ ಮೊಹರು ಬಿದ್ದ ಮೇಲೆ ಬಳೆ ಅಂಟಿಸಿದ್ದಾರೆ. ಅದು ಕಾರ್ಖಾನೆಯವರಿಗೆ ಬಿಟ್ಟು ಬೇರೆ ಯಾರಪ್ಪನಿಂದಲೂ ಆಗದ ಕೆಲಸ. ಮರವನ್ನು ಬಗ್ಗಿಸಿ ಕೂಡಿಸುವಾಗಲೇ ಹೊದಿಕೆಯ ತುದಿಯನ್ನು ಒಳಗೆ ತೂರಿಸುವುದೂ ಅವರಿಂದಲೇ ಸಾಧ್ಯ.

ಹಾಗಾದರೆ ತನ್ನದು? ತನ್ನ ಸೆಟ್ಟಿನ ಮೊಹರು ಬಳೆಯಿಂದ ದೂರ, ಯಾರು ಯಾವಾಗ ಬೇಕಾದರೂ ಒತ್ತಬಹುದಾದ ಜಾಗದಲ್ಲಿ ಪೂರ್ತಿಯಾಗಿ ಬಿದ್ದಿತ್ತು. ಎಷ್ಟು ಸ್ಪಷ್ಟ ನೋಡಿ ಅಂತ ಊರಿಗೆಲ್ಲ ತೋರಿಸಿದ್ದ. ಬೆರಳಗಲ ಹತ್ತಿದ ತುದಿಯೆಂದರೆ ಯಾರೋ ಆಮೇಲೆ ಹೊದಿಸಿದ್ದು. ಎಲ್ಮರ್ ಟಾರ್ಚು ಆರಿಸಿದ. ಇವಳದು ಅಸಲಿ ಅಂದರೆ ತನ್ನದು ನಕಲಿ. ಮಾರಿಸನದೂ ನಕಲಿ. ಮೂವತ್ತು ವರ್ಷ ಹೌದು ಅಂದದ್ದೆಲ್ಲ ಅಲ್ಲ, ಅಲ್ಲ ಅಂದದ್ದೆಲ್ಲ ಹೌದು.

"ಏನಾಯ್ತು ಸರ್, ಬೆವರ್ತಿದೀರಿ?" ಅಂದಳು ವರ್ಲೀನ್.

ಸುತ್ತ ಜನ ಗೋಡೆ ಕಟ್ಟಿದ ಹಾಗೆ ನಿಂತಿದ್ದರು.

"ಅಲ್ಲ," ಅಂದ ಎಲ್ಮರ್. "ಇದು ಹಾರ್ಲನ್ ಅಲ್ಲ."

ಅವಳ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿಗೆ ತಾನೇ ನಕ್ಕಳು. "ಪಾಪ, ನಮ್ಮ ತಾತಂಗೆ ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ. ಹೋಗ್ಲಿ ಬಿಡಿ, ಪಾದ್ರಿಗಳ ಕಾಲಾದ್ರೂ ಉಳೀತು."

"ಆದ್ರೂ ಕೊರೆಸ್ಬೇಡಿ."

"ಯಾಕೆ ಸರ್?"

ಯಾಕೆ ಅನ್ನುವುದಕ್ಕೆ ಇದ್ದದ್ದು ಒಂದೇ ಉತ್ತರ, ಅದನ್ನು ಹೇಳುವ ಹಾಗಿರಲಿಲ್ಲ. "ಮರ... ಮರ ಚೆನ್ನಾಗಿದೆ," ಅಂದ.

"ನಕಲಿ ಅಂತ ನೀನೇ ಹೇಳಿ, ಈಗ ನೀನೇ ರಾಗ ಎಳೀತೀಯಲ್ಲ ಮಾರಾಯ," ಅಂದ ಡ್ವೈಟ್. ದೊಡ್ಡ ಡ್ರಮ್ಮನ್ನು ಆಗಲೇ ತನ್ನ ಮೇಜಿಗೆ ಉರುಳಿಸಿಕೊಂಡಿದ್ದ. "ಬಾ ಇಲ್ಲಿ, ಗಟ್ಟಿಯಾಗಿ ಹಿಡ್ಕೋ. ಜಾರುತ್ತೆ."

ಎಲ್ಮರ್ ಹಿಡಿದುಕೊಂಡ. ಬೇರೆ ಏನು ಮಾಡುವುದು? ಕೈ ಬಿಟ್ಟರೆ ಯಾಕೆ ಅನ್ನುತ್ತಾರೆ. ಡ್ವೈಟ್ ಪೆನ್ಸಿಲಿನಲ್ಲಿ ಗುರುತು ಹಾಕಿದ, ದುಂಡಗೆ ಹಲ್ಲು ಜೋಡಿಸಿದ ಡ್ರಿಲ್ಲನ್ನು ಅದರ ಮೇಲೆ ಊರಿದ. ಇನ್ನೂ ಹೊತ್ತಿತ್ತು, ಒಂದು ಮಾತು ಸಾಕಾಗಿತ್ತು. ಎಲ್ಮರ್ ತಲೆಯೆತ್ತಿ ನೋಡಿದ. ದೀಪದಡಿ ತನ್ನ ಸೆಟ್ಟು ಹೊಳೆಯುತ್ತಿತ್ತು, ಅದಕ್ಕೊರಗಿಕೊಂಡು ಮಾರಿಸ್ ನೆಮ್ಮದಿಯಾಗಿ ಸಾಸೇಜು ತಿನ್ನುತ್ತಿದ್ದ. ಎಲ್ಮರ್ ಡ್ರಮ್ಮನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಡ್ರಿಲ್ಲು ಕಿರುಗುಟ್ಟಿತು, ಬೆಚ್ಚನೆಯ ಮರದ ಪುಡಿ ಅವನ ಎರಡೂ ಕೈಗಳ ಮೇಲೆ ಉದುರಿತು.

ಕೊರೆದ ಜಾಗದಿಂದ ಹೊದಿಕೆ ಸಮೇತ ಕೆಳಗೆ ಬಿದ್ದ ಮರದ ದುಂಡು ಬಿಲ್ಲೆಯನ್ನು ವರ್ಲೀನ್ ಎತ್ತಿ, ಊದಿ, ಅವನ ಅಂಗೈಗಿಟ್ಟಳು. "ಇಟ್ಕೊಳ್ಳಿ ಸರ್. ಸುಳ್ಳು ಹೇಳಿ ಕಳಿಸೋರೇ ಜಾಸ್ತಿ ಈ ಕಾಲದಲ್ಲಿ. ನೀವು ಇದ್ದದ್ದು ಇದ್ದ ಹಾಗೆ ಹೇಳಿದ್ರಿ."

ಸಂಜೆ ಎಲ್ಮರ್ ಸೆಟ್ಟನ್ನು ತನ್ನ ಡ್ರಮ್ ಅಂಗಡಿಗೆ ವಾಪಸು ಸಾಗಿಸಿ, ಬಿಲ್ಲೆಯನ್ನು ಅದರ ಪಕ್ಕ ಹಿಡಿದು ನೋಡಿದ. ಬಿಲ್ಲೆಯ ಕಪ್ಪು ಆಳವಾಗಿತ್ತು, ಸೆಟ್ಟಿನದು ಹಸಿರಿಗೆ ತಿರುಗಿತ್ತು. ಅವನ ಅಂಗಡಿಯಲ್ಲಿದ್ದ ಅಸಲಿ ಹಾರ್ಲನ್ ಅಷ್ಟೇ, ಒಂದು ಬಿಸ್ಕತ್ತಿನಗಲ.

ಮುಂದಿನ ಮೇ ತಿಂಗಳ ಸಂತೆಗೆ ಯಾರೋ ಮುದುಕ ಇನ್ನೊಂದು ಹಾರ್ಲನ್ ತಂದ. ಎಲ್ಮರ್ ಅಂಚಿನ ಮೇಲೆ ಬೆರಳಾಡಿಸಿದ. ತುದಿಗಳು ಮರದೊಳಕ್ಕೆ ಹೊಕ್ಕಿದ್ದವು. ಇನ್ನೊಂದು ಕೈ ಜೇಬಿನಲ್ಲಿ ಬಿಲ್ಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಜನ ಕಾಯುತ್ತಿದ್ದರು.

"ಅಲ್ಲ," ಅಂದ.

ಪಕ್ಕದ ಮೇಜಿನಲ್ಲಿ ಡ್ವೈಟ್ ಎದ್ದು ಡ್ರಿಲ್ಲು ಕೈಗೆತ್ತಿಕೊಂಡ.