ಆರೋ, ಏಳೋ

“ಇವು ನನ್ನ ಹಲ್ಲಲ್ಲ!”

ಟೀಚರಮ್ಮ ಕೂಗಿದ ರಭಸಕ್ಕೆ ಮೇಲಿನ ಸೆಟ್ಟು ಜಾರಿ ಕೆಳಗಿನದರ ಮೇಲೆ ಟಕ್ ಎಂದು ಬಿತ್ತು. ಅದಕ್ಕಿಂತ ಬೇರೆ ಸಾಕ್ಷಿ ಬೇಕೆ? ಬಾಯಿಗೆ ಕೈ ಅಡ್ಡ ಹಿಡಿದು ಸರಿಮಾಡಿಕೊಂಡು ಅವರು ಮತ್ತೆ ಶುರು ಹಚ್ಚಿದರು. “ಯಾರೋ ಪೈಲ್ವಾನಂದು ಇರಬೇಕು. ಬಾಯಲ್ಲಿ ಬಾಗಿಲ ಚೌಕಟ್ಟು ಇಟ್ಕೊಂಡ ಹಾಗಿದೆ. ಭಾನುವಾರ ನನ್ನ ಹಳೇ ಕ್ಲಾಸಿನ ಮಕ್ಕಳೆಲ್ಲ ಸೇರ್ತಿದ್ದಾರೆ. ಮೊದಲಿನ ಹಾಗೆ ಹಾಜರಿ ಕೂಗಬೇಕಂತೆ. ಈ ಹಲ್ಲಲ್ಲಿ ಕೂಗಿದ್ರೆ ಹಲ್ಲೇ ಹೋಗಿ ಮೊದಲನೇ ಬೆಂಚಲ್ಲಿ ಕೂತ್ಕೊಳ್ಳುತ್ತೆ!”

ಕಂಪ್ಯೂಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಕಟ್ಟು ಹಲ್ಲು ಮಾಡುವ ಆ ಲ್ಯಾಬಿಗೆ ಅವಳು ಸೇರಿ ಎರಡು ತಿಂಗಳಷ್ಟೇ. ಕ್ಲಿನಿಕ್ಕುಗಳು ಕಳಿಸುವ ಪಟ್ಟಿಯನ್ನು ಓದಿಕೊಂಡು, ಡಬ್ಬಿಗಂಟಿಸುವ ಚೀಟಿ ಮುದ್ರಿಸಿ, ಲೆಕ್ಕ ವಾಪಸು ಕಳಿಸುವ ಪ್ರೋಗ್ರಾಮು ಬರೆದವಳು ಅವಳೇ. ಅಷ್ಟಕ್ಕೇ ಎಲ್ಲರೂ ಕಂಪ್ಯೂಟರಮ್ಮ ಎಂದು ಕರೆಯತೊಡಗಿದ್ದರು. ಆದರೆ ಒಳಗಿನ ಗಾಜಿನ ಕೋಣೆಯಿಂದ ಯಜಮಾನಿ ಎದ್ದು ಬಂದದ್ದೇ ತಡ, ಅವಳ ನಗು ಎಲ್ಲಿತ್ತೋ ಅಲ್ಲೇ ಅಡಗಿತು.

“ಇದು ಏಳನೇದು, ಹಲ್ಲಪ್ಪ,” ಎಂದರು ಯಜಮಾನಿ. “ಮೂರು ವಾರದಲ್ಲಿ ಏಳನೇದು.”

ಮೂಲೆಯ ಬೆಂಚಿನಲ್ಲಿ ಮೇಣ ಕೆತ್ತುತ್ತಿದ್ದ ಮುದುಕ ಕತ್ತೆತ್ತಿದ. ಮೂವತ್ತೊಂದು ವರ್ಷದಿಂದ ಅದೇ ಬೆಂಚು, ಅದೇ ಕಿಟಕಿ, ಕಿವಿಯ ಮೇಲೆ ಅದೇ ಮೋಟು ಪೆನ್ಸಿಲು. ಹಲ್ಲಪ್ಪ ಎಂಬುದು ಅವನಿಗೆ ಯಾರೋ ಇಟ್ಟ ಅಡ್ಡಹೆಸರು. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ ಎಂದು ಸುದ್ದಿ.

ಕ್ಲಿನಿಕ್ಕಿನಿಂದ ರೋಗಿಯ ಹೆಸರು ಬರುವುದಿಲ್ಲ, ಹೇಳಬಾರದಂತೆ. ಹದಿನಾರು ಅಂಕಿಯ ನಂಬರು ಮಾತ್ರ ಬರುತ್ತದೆ. ಬಾಯಿಯ ಅಳತೆಯ ಜೊತೆ ಬರುವ ಕೈಬರಹದ ಚೀಟಿಯಿಂದ ಹಲ್ಲಪ್ಪ ಆ ನಂಬರನ್ನು ಒಂದೊಂದೇ ಅಂಕಿ ಗುನುಗುತ್ತಾ ಪ್ಲಾಸ್ಟರ್ ಅಚ್ಚಿನ ತಳದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದ, ಅದೂ ಶಾಲೆಯಲ್ಲಿ ಸ್ಲೇಟಿನ ಮೇಲೆ ತಿದ್ದಿ ಕಲಿತ ಅಂಕಿಗಳಲ್ಲಿ. “ಕಂಪ್ಯೂಟರ್ ಇದೆಯಲ್ಲ ಅಜ್ಜ, ಇನ್ನೂ ಯಾಕೆ ಬರೀತೀರಿ?” ಎಂದು ಅವಳೂ ಒಮ್ಮೆ ರೇಗಿಸಿದ್ದಳು.

ಯಜಮಾನಿ ಟೀಚರಮ್ಮ ತಂದ ಡಬ್ಬಿಯನ್ನೂ ಅವರ ಬಾಯಿಯ ಅಚ್ಚನ್ನೂ ಪಕ್ಕಪಕ್ಕ ಇಟ್ಟರು. ಡಬ್ಬಿಯ ಚೀಟಿಯಲ್ಲಿ ಕೊನೆಗೆ 16. ಅಚ್ಚಿನ ಮೇಲೆ ೧೭. “ನೋಡಿ, ನಿಮ್ಮ ಆರು ಯಾವುದು, ಏಳು ಯಾವುದು, ಆ ದೇವರಿಗೇ ಗೊತ್ತು. ಬಾಲದಲ್ಲಷ್ಟೇ ವ್ಯತ್ಯಾಸ. ನಿಮಗೂ ಕಣ್ಣು ಮಂಜಾಗಿದೆ. ಬೇಜಾರು ಮಾಡ್ಕೋಬೇಡಿ, ಸೋಮವಾರದಿಂದ ಬೆಂಚು ಬಿಡಿ. ಮುಂದೆ ಕೂತು ಬಂದವರನ್ನ ಮಾತಾಡಿಸಿ, ಸಾಕು.”

ಹಲ್ಲಪ್ಪ ಮೇಣದ ಚಾಕುವನ್ನು ಬಟ್ಟೆಯಲ್ಲಿ ಒರೆಸಿ ಇಟ್ಟ. ಮೂವತ್ತೊಂದು ವರ್ಷ ಊರಿನವರ ಬಾಯಿ ಕಟ್ಟಿಕೊಟ್ಟವನಿಗೆ ತನ್ನ ಬಾಯೇ ಕಟ್ಟಿಹೋಗಿತ್ತು. ಕಂಪ್ಯೂಟರಮ್ಮ ಅವನನ್ನೇ ನೋಡಿದಳು. ಅಯ್ಯೋ, ಮುಂದೆ ಕೂತು ಮಾತಾಡಿಸುವುದಂತೆ! ಇವನಿಗೆ ಮಾತಾಡಲು ಬರುವುದು ದವಡೆಗಳ ಜೊತೆ ಮಾತ್ರ.

“ಅದೆಲ್ಲ ಆಮೇಲೆ ನೋಡ್ಕೊಳ್ಳಿ,” ಎಂದರು ಟೀಚರಮ್ಮ. “ನನ್ನ ಹಲ್ಲೆಲ್ಲಿ?”

ಅದೃಷ್ಟಕ್ಕೆ ಬೆಳಿಗ್ಗೆಯಷ್ಟೇ ಇನ್ನೊಂದು ಡಬ್ಬಿ ವಾಪಸು ಬಂದಿತ್ತು. ನಿವೃತ್ತ ಬಸ್ ಡ್ರೈವರೊಬ್ಬರು ಕಳಿಸಿದ್ದು. “ಇದು ಗೊಂಬೆ ಹಲ್ಲು, ನನಗೆ ಮನುಷ್ಯರದು ಕೊಡಿ” ಎಂಬ ಒಕ್ಕಣೆ ಬೇರೆ. ಆ ಡಬ್ಬಿಗಂಟಿಸಿದ ಚೀಟಿಯ ಕೊನೆಯಲ್ಲೂ 16. ಹಲ್ಲಪ್ಪ ಎದ್ದು ಬಂದು ಆ ಸೆಟ್ಟನ್ನು ತೊಳೆದು ತನ್ನ ೧೭ರ ಅಚ್ಚಿನ ಮೇಲೆ ಕೂರಿಸಿದ. ಟಕ್. ಕೀಲಿ ಬೀಗಕ್ಕೆ ಕೂತ ಹಾಗೆ ಕೂತಿತು.

“ಇದು ಏಳೇ,” ಎಂದ ಮೆಲ್ಲಗೆ. “ನಾನು ಬರೆದದ್ದು ಏಳೇ.”

ಟೀಚರಮ್ಮ ಕನ್ನಡಕ ಏರಿಸಿ ಅಚ್ಚನ್ನು ನೋಡಿದರು. “ಮೂವತ್ತೆಂಟು ವರ್ಷ ಅಂಕಿ ತಿದ್ದಿಸಿದೀನಿ. ಇದು ಮುತ್ತಿನಂಥ ಏಳು.” ಹಾಗೆಂದವರೇ ಗೋಡೆಗೆ ತಿರುಗಿ ಪೈಲ್ವಾನನ ಹಲ್ಲು ತೆಗೆದು ತಮ್ಮದನ್ನು ಹಾಕಿಕೊಂಡರು. ತಿರುಗಿದಾಗ ಹತ್ತು ವರ್ಷ ಚಿಕ್ಕವರಾಗಿದ್ದರು.

ಒಂದೇ ನಂಬರಿನ ಎರಡು ಚೀಟಿ. ಕಂಪ್ಯೂಟರಮ್ಮ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಹೋದ ವಾರ ಹಲ್ಲಪ್ಪ ಅವಳ ಮೇಜಿನ ಹತ್ತಿರ ಬಂದು ಹೇಳಿರಲಿಲ್ಲವೇ? “ಮಗಳೇ, ಎರಡು ಡಬ್ಬಿಗೆ ಒಂದೇ ನಂಬರು ಕೊಟ್ಟಿದೀಯಲ್ಲ. ನಿನ್ನ ಯಂತ್ರಕ್ಕೆ ಬೆಸ ಸಂಖ್ಯೆ ಕಂಡ್ರೆ ಆಗಲ್ವೇನು?” ಎಂದಿದ್ದ. ಅರವತ್ತಕ್ಕೆ ಅರಳುಮರಳು ಎಂದುಕೊಂಡ ಅವಳು, ಪ್ರಿಂಟರು ಒಮ್ಮೊಮ್ಮೆ ಎರಡೆರಡು ಸಲ ಉಗುಳುತ್ತೆ ಅಜ್ಜ ಎಂದು ಸಾಗಹಾಕಿದ್ದಳು.

ಅವಳು ಬೆಂಚಿನ ಮೇಲಿನ ಕಪಾಟಿಗೆ ನುಗ್ಗಿದಳು. ವಾಪಸು ಬಂದ ಉಳಿದ ಆರು ಸೆಟ್ಟುಗಳ ಅಚ್ಚುಗಳನ್ನು ತೆಗೆದು, ಡಬ್ಬಿಗಳ ಜೊತೆ ಸಾಲಾಗಿ ಜೋಡಿಸಿದಳು. ಅಚ್ಚಿನಲ್ಲಿ ೪೧, ಚೀಟಿಯಲ್ಲಿ 40. ಅಚ್ಚಿನಲ್ಲಿ ೧೯, ಚೀಟಿಯಲ್ಲಿ 20. ಅಚ್ಚಿನಲ್ಲಿ ೦೫, ಚೀಟಿಯಲ್ಲಿ 04. ಆರು ಏಳು ಅದಲುಬದಲಾಗಬಹುದು, ಒಂದನ್ನು ಸೊನ್ನೆ ಎಂದು ಓದುವಷ್ಟು ಕುರುಡ ಯಾರಿದ್ದಾರೆ? ಚೀಟಿಗಳಲ್ಲಿ ಒಂದಾದರೂ ಬೆಸ ಇಲ್ಲ. ಏಳೂ ಈಚೆಗೆ ಸೇರಿದ ಹೊಸ ಕ್ಲಿನಿಕ್ಕಿನವು, ಏಳೂ ಒಂಬತ್ತರಿಂದ ಶುರುವಾಗುವ ನಂಬರುಗಳು.

ಅವಳಿಗೆ ಗೊತ್ತಾಗಿಹೋಯಿತು. ಗೊತ್ತಾದ ಮೇಲೆ ಹೋಗಿ ಕುರ್ಚಿಯಲ್ಲಿ ಕೂತಳು. ಇನ್ನೊಂದು ತಿಂಗಳಿಗೆ ಅವಳ ಕೆಲಸ ಕಾಯಂ ಆಗಬೇಕಿತ್ತು. ಸದ್ದಿಲ್ಲದೆ ಒಂದು ಸಾಲು ತಿದ್ದಿದರೆ ನಾಳೆಯಿಂದ ಎಲ್ಲ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಲ್ಲಪ್ಪ ಮಾತ್ರ ಬಾಗಿಲಲ್ಲಿ ಕೂತಿರುತ್ತಾನೆ. ಆಚೆ ಅವನು ಚಾಕುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದ.

“ಮೇಡಂ,” ಎಂದಳು. ದನಿ ಅವಳಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. “ತಪ್ಪು ಅಜ್ಜಂದಲ್ಲ. ನಂದು.”

ಯಜಮಾನಿ ಕೈಕಟ್ಟಿ ನಿಂತರು.

“ಪಟ್ಟಿ ಓದುವಾಗ ನಾನು ಆ ನಂಬರನ್ನ ಸಂಖ್ಯೆ ಅಂತ ಓದಿಸ್ತಿದ್ದೆ. ನಾನು ಪ್ರೋಗ್ರಾಮು ಬರೆದಿರೋ ಭಾಷೆಯಲ್ಲಿ ಸಂಖ್ಯೆಗೆ ಒಂದು ಮಿತಿ ಇದೆ. ಒಂಬತ್ತು ಸಾವಿರದ ಏಳು ಲಕ್ಷ ಕೋಟಿ. ಅಲ್ಲೀವರೆಗೆ ಒಂದೊಂದನ್ನೂ ಸರಿಯಾಗಿ ಹಿಡಿಯುತ್ತೆ. ದಾಟಿದ ಮೇಲೆ ಎರಡೆರಡು ಮೆಟ್ಟಿಲು ಹಾರುತ್ತೆ, ಬೆಸ ಸಂಖ್ಯೆ ಬಂದ್ರೆ ಪಕ್ಕದ ಸಮಸಂಖ್ಯೆಗೆ ತಳ್ಳಿಬಿಡುತ್ತೆ. ಹಳೇ ಕ್ಲಿನಿಕ್ಕುಗಳ ನಂಬರು ಅಷ್ಟು ದೊಡ್ಡದಿರಲಿಲ್ಲ. ಹೊಸದು ದಾಟಿಬಿಡ್ತು. ಅಜ್ಜ ಹೇಳಿದ್ರು, ನಾನು ಕೇಳಲಿಲ್ಲ.”

“ಎಂಥಾ ಕಥೆ!” ಎಂದು ಟೀಚರಮ್ಮ ನಡುವೆ ಬಾಯಿ ಹಾಕಿದರು. ಹೊಸ ಹಲ್ಲು ಬಂದವರು ಸುಮ್ಮನಿರುತ್ತಾರೆಯೇ? “ಅದನ್ನ ಸಂಖ್ಯೆ ಅಂತ ಯಾಕೆ ಓದ್ತೀಯಮ್ಮಾ? ನನ್ನ ಹಾಜರಿ ಪುಸ್ತಕದಲ್ಲೂ ನಂಬರಿತ್ತು. ನಾಲ್ಕನೇ ನಂಬರಿನವನನ್ನೂ ಐದನೇ ನಂಬರಿನವಳನ್ನೂ ಕೂಡಿಸಿ ಒಂಬತ್ತು ಅಂದಿದೀನಾ? ಅದು ಎಣಿಸೋಕಲ್ಲ, ಕರೆಯೋಕೆ.”

“ಹೌದು ಟೀಚರ್,” ಎಂದಳು ಕಂಪ್ಯೂಟರಮ್ಮ, ಎರಡನೇ ಕ್ಲಾಸಿನವಳ ಹಾಗೆ. “ಅಕ್ಷರ ಅಂತ ಓದಿಸಬೇಕಿತ್ತು. ಬಂದದ್ದು ಬಂದ ಹಾಗೇ ಇಟ್ಕೊಂಡು, ಕಳಿಸುವಾಗಲೂ ಹಾಗೇ ಕಳಿಸಬೇಕಿತ್ತು.”

ಯಜಮಾನಿ ಅಚ್ಚುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು, ಆ ತುದಿಯಿಂದ ಈ ತುದಿಗೆ ನೋಡಿದರು. ಕೋಪಿಸಿಕೊಳ್ಳಲು ಒಳ್ಳೇ ಜಾಗ ಹುಡುಕುತ್ತಿರುವವರ ಹಾಗಿತ್ತು. ಕೊನೆಗೆ, “ತಿದ್ದೋಕೆ ಎಷ್ಟು ಹೊತ್ತು ಬೇಕು?” ಎಂದರು.

“ಊಟದ ಹೊತ್ತಿಗೆ ಮುಗಿಸ್ತೀನಿ.”

“ಮುಗಿಸು. ಆಮೇಲೆ ಕ್ಲಿನಿಕ್ಕಿನ ಮೂಲಕ ಉಳಿದ ಆರೂ ಜನಕ್ಕೆ ನೀನೇ ಫೋನ್ ಮಾಡಿ ತಪ್ಪಾಯ್ತು ಅನ್ನು. ಹಲ್ಲಿಲ್ಲದ ಬಾಯಿಂದ ಬೈಸಿಕೊಂಡ್ರೆ ಅಷ್ಟೇನೂ ನೋಯಲ್ಲ.” ಯಜಮಾನಿ ಬೆಂಚಿನ ಕಡೆ ತಿರುಗಿದರು. ಅವರ ದನಿ ಸ್ವಲ್ಪ ಇಳಿಯಿತು. “ಹಲ್ಲಪ್ಪ, ನಾನು ದುಡುಕಿಬಿಟ್ಟೆ. ಸೋಮವಾರ ಬೇಗ ಬನ್ನಿ. ಹದಿನಾಲ್ಕು ಸೆಟ್ಟಿದೆ, ನಿಮ್ಮನ್ನ ಬಿಟ್ರೆ ಮಾಡೋರ್ಯಾರು?”

ಹಲ್ಲಪ್ಪ ಸುತ್ತಿಟ್ಟ ಬಟ್ಟೆಯನ್ನು ಬಿಚ್ಚಿ, ಚಾಕುಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಇಟ್ಟ. ಟೀಚರಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು, “ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ. ನಾನು ಹೋಗ್ತಾ ಕಡಲೆ ಕೊಂಡ್ಕೊಂಡೇ ಹೋಗ್ತೀನಿ,” ಎಂದು ಎಲ್ಲ ಹಲ್ಲೂ ಕಾಣುವ ಹಾಗೆ ನಕ್ಕು ಹೋದರು.

ಊಟದ ಹೊತ್ತಿಗೆ ಪ್ರಿಂಟರು ಗುರ್ ಎಂದು ಹೊಸ ಚೀಟಿ ಹೊರಹಾಕಿತು. ಒಂಬತ್ತರಿಂದ ಶುರುವಾಗಿ ಏಳರಲ್ಲಿ ಮುಗಿಯುವ ಹದಿನಾರು ಅಂಕಿ. ಕಂಪ್ಯೂಟರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಹತ್ತಿರ ಹೋದಳು. ಅಲ್ಲಿ ಆಗಷ್ಟೇ ಒಣಗಿದ ಹೊಸ ಅಚ್ಚಿತ್ತು, ತಳ ಇನ್ನೂ ಖಾಲಿ, ಪಕ್ಕದಲ್ಲಿ ಕ್ಲಿನಿಕ್ಕಿನ ಕೈಬರಹ. ಎರಡನ್ನೂ ಹೋಲಿಸಿ ನೋಡಿದಳು. ಒಂದೇ ಇದ್ದವು.

“ಇನ್ಮೇಲೆ ನಾನೂ ಬರೀತೀನಿ ಅಜ್ಜ. ಪೆನ್ಸಿಲ್ ಕೊಡಿ.”

ಹಲ್ಲಪ್ಪ ಕಿವಿಯ ಮೇಲಿನ ಮೋಟು ಪೆನ್ಸಿಲನ್ನು ತೆಗೆದುಕೊಟ್ಟ. ಅವಳು ನಾಲಿಗೆ ಕಚ್ಚಿಕೊಂಡು, ಗುನುಗುತ್ತಾ, ಹದಿನಾರನ್ನೂ ಬರೆದಳು. ಮುದುಕ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊನೆಯ ಅಂಕಿಯನ್ನು ಅತ್ತಿಂದ ನೋಡಿದ, ಇತ್ತಿಂದ ನೋಡಿದ.

“ಇದು ಆರೋ, ಏಳೋ?”

ಅವಳು ಬಗ್ಗಿ ನೋಡಿದಳು. ಮತ್ತೆ ನೋಡಿದಳು. ಹಲ್ಲಪ್ಪ ಖಾನೆ ಎಳೆದು, ಒಳಗಿಂದ ಒಂದು ರಬ್ಬರು ತೆಗೆದು ಅವಳ ಮುಂದಿಟ್ಟ.